ಬರೆಯುವ ತಾಸು ಯಾರ ಹೆಗಲ ಮೇಲೆ? ನಸುಕು, ರಾತ್ರಿ, ಬಸ್ಸು, ಭಾನುವಾರ: ಸಂಸಾರಸ್ಥರಿಗೊಂದು ಹೋಲಿಕೆ

ಧಾರವಾಡದಲ್ಲಿ ಕಲ್ಲು ಒಗೆದರೆ ಅದು ಸಾಹಿತಿಯ ಮನೆಯ ಮೇಲೇ ಬೀಳುತ್ತದೆ ಎಂಬ ಹಳೆಯ ತಮಾಷೆ ಇದೆ. ಆ ಹೊತ್ತಿಗೆ ಆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವರು ಯಾರು, ಹುಡುಗರ ಡಬ್ಬಿ ಕಟ್ಟುತ್ತಿದ್ದವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಬರೆಯುವ ಆಸೆಯಿರುವ ಗೆಳತಿಯರು, ಆಫೀಸಿನ ಪರಿಚಯದವರು ಕೇಳುವ ಪ್ರಶ್ನೆಗಳು ಬೇರೆ. ನಸುಕಿನಲ್ಲಿ ಏಳಲಾ, ರಾತ್ರಿ ಕೂರಲಾ? ಬಸ್ಸಿನಲ್ಲಿ ಮೊಬೈಲ್ ಹಿಡಿದು ಬರೆದರೆ ಆಗುತ್ತದಾ? ರೀಡಿಂಗ್ ರೂಮಿಗೆ ದುಡ್ಡು ಕಟ್ಟಲಾ, ಇಲ್ಲ ಭಾನುವಾರ ಒಂದೇ ಸಲ ಕೂತು ಮುಗಿಸಲಾ? ಎಲ್ಲರೂ ಹುಡುಕುವುದು ಗದ್ದಲವಿಲ್ಲದ ಹೊತ್ತನ್ನು. ನನಗೆ ಗದ್ದಲ ಎರಡನೆಯ ಮಾತು. ನೀವು ಬರೆಯುವ ಆ ಒಂದು ತಾಸಿನಲ್ಲಿ ನಿಮ್ಮ ಕೆಲಸ ಯಾರ ಹೆಗಲಿಗೆ ಹೋಗುತ್ತದೆ? ಅದು ಮೊದಲು. ಅಲ್ಲಿ ಸರಿಹೋಗದಿದ್ದರೆ, ಎಂಥ ಶಾಂತ ಹೊತ್ತು ಸಿಕ್ಕರೂ ಅದು ಹೆಚ್ಚು ದಿನ ನಡೆಯುವುದಿಲ್ಲ.

ಏನನ್ನು ನೋಡಬೇಕು

ಹಾಗಾಗಿ ಯಾವ ಹೊತ್ತನ್ನು ಆರಿಸುವ ಮುಂಚೆಯೂ ಮೊದಲ ಪ್ರಶ್ನೆ ಹೆಗಲಿನದು. ಸಂಜೆ ಆರಕ್ಕೆ ನೀವು ಖೋಲಿಯ ಬಾಗಿಲು ಹಾಕಿಕೊಂಡರೆ ಹಾಲು ಕಾಯಿಸುವವರು ಯಾರು? ಹೋಂವರ್ಕ್ ನೋಡುವವರು ಯಾರು? ಆ ವ್ಯಕ್ತಿಗೆ ನೀವು ಬೇರೆ ಯಾವ ಹೊತ್ತನ್ನು ತಿರುಗಿ ಕೊಡುತ್ತೀರಿ?

ಎರಡನೆಯದು, ನಿಮ್ಮ ಬರೆಯುವ ಹೊತ್ತು ಎಲ್ಲಿ ಮುಗಿಯುತ್ತದೆ ಎಂಬುದು ಮನೆಯವರಿಗೆ ಗೊತ್ತಾಗುತ್ತದಾ? ಇದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗದಗಿನಲ್ಲಿ ಕುಮಾರವ್ಯಾಸನ ಬಗ್ಗೆ ಒಂದು ಐತಿಹ್ಯ ಇದೆ. ಆತ ಮಿಂದು, ಒದ್ದೆ ಬಟ್ಟೆಯಲ್ಲೇ ವೀರನಾರಾಯಣ ಗುಡಿಯ ಕಂಬದ ಹತ್ತಿರ ಕೂತು, ಬಟ್ಟೆ ಆರುವ ತನಕ ಮಾತ್ರ ಬರೆಯುತ್ತಿದ್ದನಂತೆ. ಭಕ್ತಿಯ ಕಥೆ ಎಂದು ಎಲ್ಲರೂ ಇದನ್ನು ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೆ. ಗುಡಿಗೆ ಬಂದ ಯಾರೇ ಆದರೂ ಬಟ್ಟೆ ನೋಡಿ ‘ಇನ್ನು ಸ್ವಲ್ಪ ಹೊತ್ತಿಗೆ ಏಳುತ್ತಾನೆ’ ಎಂದು ಹೇಳಬಹುದಿತ್ತು. ಮನೆಯವರಿಗೆ ನೀವು ಬರೆಯುವುದು ಅಷ್ಟೊಂದು ತ್ರಾಸಲ್ಲ. ಯಾವಾಗ ಏಳುತ್ತೀರಿ ಎಂದು ಗೊತ್ತಿಲ್ಲದಿರುವುದು ತ್ರಾಸು.

ಮೂರನೆಯದು, ಆ ಹೊತ್ತು ವಾರದಲ್ಲಿ ಎಷ್ಟು ಸಲ ತಪ್ಪುತ್ತದೆ. ನೆಂಟರು, ನಳದ ನೀರು, ಕರೆಂಟು, ಹುಡುಗರ ಜ್ವರ, ಎಲ್ಲ ಇದರಲ್ಲಿ ಬಂತು. ಉಳಿದದ್ದು ನಿದ್ದೆ, ದುಡ್ಡು, ಮತ್ತು ನೀವು ಬರೆಯುವುದು ಏನು ಎಂಬುದು. ಕವಿತೆಗೆ, ಪೇಪರಿನ ಅಂಕಣಕ್ಕೆ ಬೇಕಾದ ಹೊತ್ತು ಒಂದು ಥರ. ಕಾದಂಬರಿಗೆ ಬೇಕಾದದ್ದೇ ಬೇರೆ.

ನಸುಕಿನ ತಾಸು

ನಾಲ್ಕೂವರೆಯಿಂದ ಆರು. ಎಲ್ಲರೂ ಮೊದಲು ಹೇಳುವುದು ಇದನ್ನೇ. ಹೇಳಲು ಕಾರಣವೂ ಇದೆ. ಯಾರ ಅಪ್ಪಣೆಯೂ ಬೇಡ, ಯಾರ ಹೆಗಲಿಗೂ ಭಾರ ಇಲ್ಲ, ದಿನದ ಜಗಳ ಇನ್ನೂ ತಲೆಗೆ ಹೊಕ್ಕಿರುವುದಿಲ್ಲ. ಮುಗಿಯುವ ಹೊತ್ತೂ ಸ್ಪಷ್ಟ: ಹಾಲಿನವನು ಗೇಟು ಬಡಿದನೆಂದರೆ ಮುಗಿಯಿತು.

ಆದರೆ ಭಾರ ನಿಜಕ್ಕೂ ಎಲ್ಲೂ ಹೋಗಿರುವುದಿಲ್ಲ, ನಿಮ್ಮ ಮೈಮೇಲೆ ಕೂತಿರುತ್ತದೆ. ದೊಡ್ಡವರಿಗೆ ಏಳು ತಾಸಿನ ನಿದ್ದೆಯಾದರೂ ಬೇಕು ಎನ್ನುತ್ತಾರೆ ಡಾಕ್ಟರು. ನಾಲ್ಕೂವರೆಗೆ ಏಳಬೇಕೆಂದರೆ ಒಂಬತ್ತೂವರೆಗೆ ಮಲಗಬೇಕು. ಮಾವನವರ ಊಟವೇ ಒಂಬತ್ತೂವರೆಗೆ ಆಗುವ ಮನೆಯಲ್ಲಿ ಅದು ಹೇಗೆ ಸಾಧ್ಯ? ಇಂಥ ಮನೆಯವರು ನಸುಕಿನ ತಾಸನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು. ಆರು ದಿನ ಹಟ ಹಿಡಿದರೆ ಜಡ್ಡು ಬೀಳುವುದೇ.

ಇನ್ನೊಂದು ತೊಡಕು ಹುಬ್ಬಳ್ಳಿ-ಧಾರವಾಡದವರಿಗೆ ಮಾತ್ರ ಪೂರ್ತಿ ಅರ್ಥವಾಗುತ್ತದೆ. ನಳ ಬರುವ ದಿನ. ಎಷ್ಟೋ ಓಣಿಗಳಲ್ಲಿ ನೀರು ದಿನಾ ಬರುವುದಿಲ್ಲ, ಬಂದ ದಿನ ಕೊಡ, ಡ್ರಮ್ಮು, ಟಾಕಿ ಎಲ್ಲ ತುಂಬಿಸಬೇಕು. ಆ ನಸುಕು ಹೋಯಿತು ಎಂದೇ ಲೆಕ್ಕ. ಇಪ್ಪತ್ನಾಲ್ಕು ತಾಸೂ ನೀರು ಬರುವ ವಾರ್ಡಿನ ಪುಣ್ಯವಂತರು ಈ ಸಾಲುಗಳನ್ನು ಬಿಟ್ಟು ಮುಂದೆ ಓದಬಹುದು.

ಅಡುಗೆ ನಿಮ್ಮದೇ ಆಗಿದ್ದರೆ ರೊಟ್ಟಿಯ ಲೆಕ್ಕವನ್ನೂ ಹಾಕಿ. ಚಪಾತಿ ಹಿಟ್ಟನ್ನು ರಾತ್ರಿಯೇ ನಾದಿ ಇಡಬಹುದು. ಜೋಳದ ಹಿಟ್ಟಿಗೆ ಆ ಮಾತಿಲ್ಲ. ಬಿಸಿನೀರು ಹಾಕಿ ಆಗಿಂದಾಗ ನಾದಿ ಬಡಿಯಬೇಕು. ಹಾಗಾಗಿ ಬರೆಯುವ ದಿನಗಳಿಗೆ ಖಡಕ್ ರೊಟ್ಟಿ ಕೊಂಡು ಇಟ್ಟುಕೊಳ್ಳಿ ಎಂದು ನಾನು ನಾಚಿಕೆ ಇಲ್ಲದೆ ಹೇಳುತ್ತೇನೆ. ಹುಬ್ಬಳ್ಳಿ, ಗದಗ, ಹಾವೇರಿ ಮೂರೂ ಕಡೆ ಹೆಂಗಸರೇ ಮಾಡಿ ಮಾರುತ್ತಾರೆ, ವಾರಗಟ್ಟಲೆ ಕೆಡುವುದಿಲ್ಲ. ಬರವಣಿಗೆಗೆ ಖರ್ಚು ಮಾಡುವ ದುಡ್ಡಿನಲ್ಲಿ ಲ್ಯಾಪ್‌ಟಾಪಿಗಿಂತ ಮೊದಲು ಬರಬೇಕಾದದ್ದು ಇದು. ಒಂದು ಕಟ್ಟು ರೊಟ್ಟಿಗೆ ನಿಮಗೆ ಮುಕ್ಕಾಲು ತಾಸು ಸಿಗುತ್ತದೆ.

ಕೂಸು ಇರುವ ತಾಯಂದಿರಿಗೆ ನಸುಕು ಕೈಕೊಡುತ್ತದೆ. ನೀವು ಎದ್ದ ಐದು ನಿಮಿಷಕ್ಕೆ ಕೂಸೂ ಏಳುತ್ತದೆ. ಅದಕ್ಕೆ ಉಪಾಯ ಹೇಳುವವರನ್ನು ನಂಬಬೇಡಿ.

ಊಟವಾದ ಮೇಲೆ

ರಾತ್ರಿಯ ತಾಸಿಗೆ ದೊಡ್ಡ ಗುಣ ಎಂದರೆ ಕೆಲಸ ಮುಗಿದಿರುತ್ತದೆ. ಪಾತ್ರೆ ತೊಳೆದಾಗಿದೆ, ಸೀರಿಯಲ್ ಮುಗಿದಿದೆ, ಯಾರೂ ಕರೆಯುವುದಿಲ್ಲ. ಅಂಗಡಿ ಇಟ್ಟವರಿಗೆ, ಒಂಬತ್ತಕ್ಕೆ ಶಟರ್ ಎಳೆದು ಬರುವವರಿಗೆ ಬೇರೆ ದಾರಿಯೂ ಇಲ್ಲ. ವಯಸ್ಸಾದವರಿಗೆ ಹನ್ನೊಂದಕ್ಕೆ ಗುಳಿಗೆ ಕೊಡಬೇಕು ಎಂದು ಹೇಗೂ ಎಚ್ಚರ ಇರುವವರಿಗೂ ಇದು ಹೊಂದುತ್ತದೆ.

ತೊಂದರೆ ಏನೆಂದರೆ, ಈ ಹೊತ್ತಿಗೆ ಕೊನೆ ಇಲ್ಲ. ಹನ್ನೊಂದು ಹನ್ನೆರಡಾಗುತ್ತದೆ, ಹನ್ನೆರಡು ಒಂದಾಗುತ್ತದೆ. ಭಾರ ಯಾರ ಮೇಲೂ ಬೀಳಲಿಲ್ಲ ಅನ್ನಿಸುತ್ತದೆ, ಮರುದಿನ ಮುಂಜಾನೆ ನೀವು ಹುಡುಗರ ಮೇಲೆ ಸಿಡುಕುವಾಗ ಅದು ಎಲ್ಲಿತ್ತು ಎಂದು ಗೊತ್ತಾಗುತ್ತದೆ. ಒಂದೇ ಖೋಲಿಯ ಮನೆಯಾದರೆ ದೀಪದ ಪ್ರಶ್ನೆಯೂ ಇದೆ. ಇನ್ನು ಮೊಬೈಲಿನಲ್ಲೇ ಬರೆಯುವವರು ರಾತ್ರಿ ಹೊತ್ತು ನಿಜವಾಗಿ ಎಷ್ಟು ಬರೆಯುತ್ತಾರೆ, ಎಷ್ಟು ರೀಲ್ಸ್ ನೋಡುತ್ತಾರೆ, ಅವರವರಿಗೇ ಗೊತ್ತು.

ಹೊಸದಾಗಿ ಬರೆಯಲು ರಾತ್ರಿ ಅಷ್ಟಕ್ಕಷ್ಟೆ. ಬರೆದದ್ದನ್ನು ತಿದ್ದಲು, ನಕಲು ಮಾಡಲು, ಟೈಪ್ ಮಾಡಲು ಚಲೋ. ದಣಿದ ತಲೆ ಹೊಸ ಸಾಲು ಕೊಡದಿದ್ದರೂ ಹಳೆಯ ಸಾಲಿನ ಹುಳುಕು ಕಾಣುತ್ತದೆ.

ಬಸ್ಸು, ರೈಲು

ಇದರ ಬಗ್ಗೆ ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ನೌಕರಿ ಇರುವ ಸಾವಿರಾರು ಜನರಲ್ಲಿ ನಾನೂ ಒಬ್ಬಳು. ಎರಡು ಊರಿನ ನಡುವೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. 2018ರಲ್ಲಿ ಈ ಎರಡು ಊರಿನ ನಡುವೆ ಚಿಗರಿ ಎಂಬ ಬಸ್ಸುಗಳು ಓಡಲು ಶುರುವಾದವು, ಅವಕ್ಕೆ ತಮ್ಮದೇ ದಾರಿ ಇರುವುದರಿಂದ ಕುಲುಕಾಟ ಕಡಿಮೆ, ಹೊತ್ತಿನ ಅಂದಾಜೂ ಸಿಗುತ್ತದೆ. ಸೀಟು ಸಿಕ್ಕರೆ ಬರೆಯಬಹುದು. ಆಫೀಸಿನ ಹೊತ್ತಿನಲ್ಲಿ ಸಿಗುವುದಿಲ್ಲ, ಅರ್ಧ ತಾಸು ಮುಂಚೆ ಹೊರಟರೆ ಸಿಗುತ್ತದೆ. ಆ ಅರ್ಧ ತಾಸು ಮತ್ತೆ ಮನೆಯ ಯಾರದೋ ಹೆಗಲ ಮೇಲೆ ಎಂಬುದು ಬೇರೆ ಮಾತು.

ಗದಗಿನಿಂದ ಹುಬ್ಬಳ್ಳಿಗೆ ದಿನಾ ರೈಲಿನಲ್ಲಿ ಓಡಾಡುವವರು ಇನ್ನೂ ಅದೃಷ್ಟವಂತರು. ಸುಮಾರು ಅರವತ್ತು ಕಿಲೋಮೀಟರ್, ಕೂರಲು ಜಾಗ ಸಿಕ್ಕರೆ ಒಂದು ತಾಸು ಯಾರೂ ಮುಟ್ಟದ ಹೊತ್ತು. ಹಾವೇರಿಯೂ ಬೆಂಗಳೂರು-ಹುಬ್ಬಳ್ಳಿ ರೈಲು ದಾರಿಯಲ್ಲೇ ಇದೆ. ಬಸ್ಸಿನಲ್ಲಿ ಹೋಗುವ ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸು ಉಚಿತ. ಅಂದರೆ ಈ ದಾರಿಗೆ ಹೊಸ ಖರ್ಚೇನೂ ಇಲ್ಲ. ನೀವು ಹೇಗೂ ಹೋಗಲೇಬೇಕಾದ ಹೊತ್ತು ಇದು.

ಹೆಗಲಿನ ಲೆಕ್ಕದಲ್ಲಿ ಬಸ್ಸಿಗೆ ಸಾಟಿ ಇಲ್ಲ. ಬಸ್ಸಿನಲ್ಲಿ ಇದ್ದವರಿಗೆ ‘ಕೊತ್ತಂಬರಿ ತಗೊಂಡ್ ಬಾ’ ಎಂದು ಫೋನ್ ಬರಬಹುದು, ಆದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಏಳು ಎಂದು ಯಾರೂ ಹೇಳಲಾರರು. ಮುಗಿಯುವ ಹೊತ್ತನ್ನು ನೀವು ಹೇಳಬೇಕಿಲ್ಲ, ನಿಲ್ದಾಣವೇ ಹೇಳುತ್ತದೆ.

ಆದರೆ ಉದ್ದನೆಯ ಬರವಣಿಗೆಗೆ ಅಲ್ಲ. ಹಿಂದಿನ ಅಧ್ಯಾಯದಲ್ಲಿ ಏನಿತ್ತು ಎಂದು ತಿರುವಿ ನೋಡುವಷ್ಟರಲ್ಲಿ ನವಲೂರು ದಾಟಿರುತ್ತದೆ. ಸಂಭಾಷಣೆ, ಕವಿತೆಯ ಸಾಲು, ಅಂಕಣದ ಮೊದಲ ಕರಡು, ಇವು ಬಸ್ಸಿಗೆ ಹೇಳಿ ಮಾಡಿಸಿದಂಥವು. ಸಂಭಾಷಣೆಗಂತೂ ಸುತ್ತ ಕೂತ ಜನವೇ ಸಹಾಯ ಮಾಡುತ್ತಾರೆ.

ಮಾತಾಡಿ ಟೈಪ್ ಮಾಡಿಸುವ ಸೌಕರ್ಯ ಕನ್ನಡಕ್ಕೆ 2017ರಲ್ಲೇ ಗೂಗಲ್‌ನಿಂದ ಬಂದಿದೆ. ಬಸ್ಸಿನಲ್ಲಿ ಅದು ಆಗದ ಮಾತು. ಮನೆಯಲ್ಲೂ ಎರಡು ತೊಡಕು. ‘ಮಾಡ್ಲಿಕತ್ತೇನಿ’, ‘ಹೋಗೂಣು’ ಎಂಬ ನಮ್ಮ ಮಾತು ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ, ಏನೇನೋ ಬರೆದಿಡುತ್ತದೆ. ಮತ್ತೆ, ಅತ್ತೆಯ ಪಾತ್ರ ಇರುವ ಕಥೆಯನ್ನು ಅತ್ತೆಯ ಮುಂದೆ ಜೋರಾಗಿ ಹೇಳುವುದು ಹೇಗೆ?

ಮನೆಯಾಚೆ ಒಂದು ಟೇಬಲ್

ಸರ್ಕಾರಿ ಗ್ರಂಥಾಲಯ ಪುಕ್ಕಟೆ. ಆದರೆ ಧಾರವಾಡ ಎಂದರೆ ಈಗ ಸ್ಪರ್ಧಾತ್ಮಕ ಪರೀಕ್ಷೆಯ ಊರು. ಊರೂರಿಂದ ಬಂದ ಹುಡುಗರು ಬಾಗಿಲು ತೆರೆಯುವ ಮುಂಚೆಯೇ ಸಾಲು ನಿಂತಿರುತ್ತಾರೆ. ಹತ್ತು ಗಂಟೆಗೆ ಆರಾಮಾಗಿ ಹೋದರೆ ಕುರ್ಚಿ ಸಿಗುವುದು ಕಷ್ಟ. ಸಾಮಾನ್ಯವಾಗಿ ಸೋಮವಾರ ರಜೆ ಇರುತ್ತದೆ, ಹೋಗುವ ಮುಂಚೆ ವೇಳೆಯ ಬೋರ್ಡು ನೋಡಿಕೊಳ್ಳಿ.

ಸಪ್ತಾಪುರ, ಶ್ರೀನಗರದ ಕಡೆ ಅದೇ ಹುಡುಗರಿಗಾಗಿ ಖಾಸಗಿ ರೀಡಿಂಗ್ ರೂಮುಗಳಿವೆ. ತಿಂಗಳಿಗೆ ದುಡ್ಡು ಕಟ್ಟಿದರೆ ನಿಮ್ಮದೇ ಒಂದು ಟೇಬಲ್ಲು, ದೀಪ, ಚಾರ್ಜಿಂಗ್ ಪಾಯಿಂಟು. ಬರೆಯುವವರು ಹೋದರೆ ಬೇಡ ಎನ್ನುವುದಿಲ್ಲ. ಇಪ್ಪತ್ತೆರಡರ ಹುಡುಗರ ನಡುವೆ ನರೆಗೂದಲಿನವರು ಕೂತರೆ ಎರಡು ದಿನ ನೋಡುತ್ತಾರೆ, ಮೂರನೆಯ ದಿನ ಅವರ ಪಾಡಿಗೆ ಅವರು. ಕಾದಂಬರಿ ಹಿಡಿದವರು, ಪಿಎಚ್‌.ಡಿ. ಬರೆಯುವವರು ಎರಡು ಮೂರು ತಿಂಗಳ ಮಟ್ಟಿಗೆ ಇದಕ್ಕೆ ದುಡ್ಡು ಹಾಕಬಹುದು. ವರ್ಷವಿಡೀ ಬೇಡ.

ಖರ್ಚಿಗಿಂತ ದೊಡ್ಡದು ಹೋಗಿಬರುವ ಹೊತ್ತು. ಎರಡು ತಾಸು ಬರೆಯಲು ಮೂರು ತಾಸು ಮನೆ ಬಿಡಬೇಕು. ಮೂರು ತಾಸೂ ಮನೆಯಲ್ಲಿ ಯಾರಾದರೂ ಇರಬೇಕು. ಇನ್ನೊಂದು, ‘ಬ್ಯಾಂಕಿಗೆ ಹೋಗಿ ಬರ್ತೀನಿ’ ಎಂದರೆ ಯಾರೂ ಏನೂ ಕೇಳುವುದಿಲ್ಲ, ‘ಬರಿಯಾಕ ಹೋಗಿ ಬರ್ತೀನಿ’ ಎಂದರೆ ‘ಮನ್ಯಾಗ ಬರಿಯಾಕ ಏನಾಗೇದ?’ ಎಂಬ ಪ್ರಶ್ನೆ ಬರುತ್ತದೆ. ಗಂಡಸರಿಗೆ ಈ ಪ್ರಶ್ನೆ ಕಡಿಮೆ. ಅದನ್ನೂ ಬರೆದಿಡಿ.

ಭಾನುವಾರದ ಉದ್ದನೆಯ ಕೂತಿಕೆ

ವಾರಕ್ಕೊಮ್ಮೆ ನಾಲ್ಕು ತಾಸು ಎಂದರೆ ಕಾಗದದ ಮೇಲೆ ಬಹಳ ಚೆಂದ ಕಾಣುತ್ತದೆ. ಉದ್ದನೆಯ ಕಥೆ, ಕಾದಂಬರಿಗೆ ಇಂಥ ಹೊತ್ತು ಬೇಕೇ ಬೇಕು. ಆದರೆ ನಮ್ಮ ಕಡೆ ಭಾನುವಾರ ಯಾರದು? ಕುಬಸ, ಜವಳ, ನಿಶ್ಚಯ, ಮನೆ ಶಾಂತಿ, ಫೋನ್ ಮಾಡದೆ ಬರುವ ದೊಡ್ಡಪ್ಪ. ಒಂದು ಭಾನುವಾರ ತಪ್ಪಿದರೆ ಬರವಣಿಗೆಗೆ ಹದಿನೈದು ದಿನದ ಅಂತರ ಬೀಳುತ್ತದೆ, ಪಾತ್ರಗಳ ಹೆಸರೇ ಮರೆತಿರುತ್ತದೆ. ಎಲ್ಲ ದಾರಿಗಳಲ್ಲಿ ಹೆಗಲಿಗೆ ಅತಿ ಭಾರವಾದದ್ದೂ ಇದೇ. ಮನೆಯ ಎಲ್ಲರಿಗೂ ರಜೆ ಇರುವ ದಿನ ನೀವೊಬ್ಬರೇ ಬಾಗಿಲು ಹಾಕಿಕೊಂಡು ಕೂರುತ್ತೀರಿ.

ಭಾನುವಾರವನ್ನೇ ಆರಿಸುವುದಾದರೆ ಅದಲುಬದಲು ಮೊದಲೇ ಮಾತಾಡಿ ಇಟ್ಟುಕೊಳ್ಳಿ. ಶನಿವಾರ ಸಂಜೆ ಸಂತೆ, ಅಡುಗೆ, ಹುಡುಗರು ಪೂರ್ತಿ ನಿಮ್ಮದು. ಭಾನುವಾರ ಎಂಟರಿಂದ ಹನ್ನೆರಡರ ತನಕ ಆ ಕೆಲಸವೆಲ್ಲ ಇನ್ನೊಬ್ಬರದು. ಹನ್ನೆರಡಕ್ಕೆ ಎದ್ದೇಳಿ. ಸಾಲು ಅರ್ಧಕ್ಕೆ ನಿಂತರೂ ಎದ್ದೇಳಿ.

ಇದರ ಜೊತೆಗೆ ತಿಂಗಳಿಗೊಂದು ಸಲ ನಾಲ್ಕು ಜನ ಸೇರಿ ಬರೆದದ್ದನ್ನು ಓದುವ ಪದ್ಧತಿ ಇಟ್ಟುಕೊಂಡರೆ ಲಾಭ. ಬೇಂದ್ರೆಯವರು 1922ರಲ್ಲಿ ಧಾರವಾಡದಲ್ಲಿ ಗೆಳೆಯರ ಗುಂಪು ಕಟ್ಟಿದ್ದು ನಮಗೆಲ್ಲ ಗೊತ್ತು. ಅಷ್ಟು ದೊಡ್ಡ ಮಾತು ಬೇಡ. ‘ಇಂಥ ತಾರೀಖಿಗೆ ಓದಬೇಕು’ ಎಂಬ ಹಂಗು ಸಾಕು. ‘ಕಾರ್ಯಕ್ರಮಕ್ಕ ಹೋಗಬೇಕು’ ಎಂದರೆ ಮನೆಯಲ್ಲೂ ಒಪ್ಪುತ್ತಾರೆ. 1890ರಿಂದ ವಿದ್ಯಾವರ್ಧಕ ಸಂಘ ಇರುವ ಊರಿನಲ್ಲಿ ಕಾರ್ಯಕ್ರಮಕ್ಕೆ ಹೋಗುವುದು ಜಾತ್ರೆಗೆ ಹೋದಷ್ಟೇ ಸಹಜ ಅಲ್ವಾ.

ಚೂರು ಚೂರು ಹೊತ್ತು

ಕುಕ್ಕರ್ ಸೀಟಿ ಹೊಡೆಯುವ ತನಕ, ಟ್ಯೂಷನ್ ಬಿಡುವ ತನಕ, ಆಸ್ಪತ್ರೆಯಲ್ಲಿ ನಂಬರ್ ಕರೆಯುವ ತನಕ. ಬೇರೆ ಯಾವುದೂ ಸಿಗದವರ ದಾರಿ ಎಂದು ಇದನ್ನು ಕೀಳಾಗಿ ನೋಡುತ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ. ಹೆಗಲಿಗೆ ಭಾರ ಇಲ್ಲ, ದುಡ್ಡಿಲ್ಲ, ನಿದ್ದೆ ಹೋಗುವುದಿಲ್ಲ. ಮೊಬೈಲಿನ ನೋಟ್ಸ್ ಅಥವಾ ಅಡುಗೆಮನೆಯ ಕಪಾಟಿನಲ್ಲಿ ಒಂದು ಸಣ್ಣ ವಹಿ ಸಾಕು. ಒಂದು ಶರತ್ತು: ಚೂರುಗಳನ್ನು ಜೋಡಿಸಲು ವಾರಕ್ಕೊಂದು ತಾಸು ಬೇಕೇ ಬೇಕು. ಅದಿಲ್ಲದಿದ್ದರೆ ಆರು ತಿಂಗಳಾದ ಮೇಲೆ ನಿಮ್ಮ ಬಳಿ ಇರುವುದು ಸಾಲುಗಳು ಮಾತ್ರ, ಒಂದು ಕಥೆಯೂ ಇರುವುದಿಲ್ಲ.

ಪಂಚಾಂಗವನ್ನೂ ನೋಡಿ

ಯಾವುದೇ ದಾರಿ ಹಿಡಿದರೂ ಅದು ಹನ್ನೆರಡೂ ತಿಂಗಳು ಒಂದೇ ಸಮ ನಡೆಯುವುದಿಲ್ಲ. ಏಪ್ರಿಲ್-ಮೇ ಲಗ್ನಗಳ ಸಾಲು. ಶ್ರಾವಣ ಬಂದರೆ ಪಂಚಮಿಯ ಉಂಡಿ, ಸೋಮವಾರದ ಪೂಜೆ. ಅದರ ಬೆನ್ನಿಗೇ ಗಣಪತಿ, ಹುಬ್ಬಳ್ಳಿಯಲ್ಲಾದರೆ ಹನ್ನೊಂದು ದಿನ ಓಣಿಯೇ ಮಲಗುವುದಿಲ್ಲ. ದೀಪಾವಳಿ ವಿಶೇಷಾಂಕದ ಕಥೆ, ಪ್ರಬಂಧ ಸ್ಪರ್ಧೆಗಳಿಗೆ ಕಳಿಸುವ ಕೊನೆಯ ದಿನಾಂಕಗಳೂ ಮಳೆಗಾಲದ ಈ ಗದ್ದಲದ ನಡುವೆಯೇ ಬರುತ್ತವೆ.

ನಡುವೆ ಒಂದು ಆಷಾಢ ಇದೆ. ಲಗ್ನ ಇಲ್ಲ, ಮುಂಜಿವೆ ಇಲ್ಲ, ಗೃಹಪ್ರವೇಶ ಇಲ್ಲ. ಹೊಸ ಸೊಸೆಯರು ತವರಿಗೆ ಹೋಗಿರುತ್ತಾರೆ, ಧಾರವಾಡದ ಜಿಟಿಜಿಟಿ ಮಳೆಗೆ ನೆಂಟರೂ ಹೊರಡುವುದಿಲ್ಲ. ಊರಿಗೆಲ್ಲ ಒಳ್ಳೆಯ ಕೆಲಸಕ್ಕೆ ಬೇಡವಾದ ಈ ತಿಂಗಳು ಬರೆಯುವವರಿಗೆ ವರ್ಷದಲ್ಲೇ ಒಳ್ಳೆಯದು. ಭಾನುವಾರದ ಕೂತಿಕೆ ಇಟ್ಟುಕೊಳ್ಳಬೇಕೆಂದಿದ್ದರೆ ಆಷಾಢದಲ್ಲಿ ಶುರು ಮಾಡಿ. ಕರಡು ಅಷ್ಟರಲ್ಲಿ ಮುಗಿದರೆ ಶ್ರಾವಣದಲ್ಲಿ ತಿದ್ದುವುದಷ್ಟೇ ಉಳಿಯುತ್ತದೆ.

ಹೊಲಮನೆ ಇರುವ ಗದಗ, ಹಾವೇರಿಯ ಹಳ್ಳಿಯವರಿಗೆ ಈ ಲೆಕ್ಕ ನಡೆಯುವುದಿಲ್ಲ. ಆಗ ಎಡೆ ಹೊಡೆಯುವ, ಕಳೆ ತೆಗೆಯುವ ಕೆಲಸ. ಹಿಂಗಾರಿ ಸುಗ್ಗಿ ಮುಗಿದು ಯುಗಾದಿಯಿಂದ ಕಾರಹುಣ್ಣಿಮೆಯ ತನಕದ ರಾತ್ರಿಗಳು ಅವರಿಗೆ ಸರಿಯಾದವು.

ಹಾಗಾದರೆ ನಿಮಗೆ ಯಾವುದು?

ದಿನಾ ಊರಿಂದೂರಿಗೆ ಓಡಾಡುವವರು ಕಣ್ಣುಮುಚ್ಚಿ ಬಸ್ಸು ಅಥವಾ ರೈಲು ಆರಿಸಿ, ಜೊತೆಗೆ ತಿದ್ದಲು ವಾರಕ್ಕೊಂದು ರಾತ್ರಿ. ದುಡ್ಡು ಬೇಡ, ಮಾತುಕತೆಯೂ ಬೇಡ.

ಮನೆಯಲ್ಲೇ ಇರುವ, ಹತ್ತು ದಾಟಿದ ಮಕ್ಕಳಿರುವ ಗೃಹಿಣಿಯರಿಗೆ ನಸುಕಿನ ಎರಡು ದಿನ ಹಾಗೂ ಮಕ್ಕಳು ಶಾಲೆಗೆ ಹೋದ ಮೇಲಿನ ಒಂದು ತಾಸು. ಹನ್ನೊಂದರಿಂದ ಹನ್ನೆರಡನ್ನು ಯಾರೂ ಹೆಸರಿಸುವುದಿಲ್ಲ, ಅದು ಮನೆಗೆಲಸದ್ದು ಎಂದುಕೊಂಡಿದ್ದೇವೆ. ಬಟ್ಟೆ ಮಡಚುವುದನ್ನು ಸಂಜೆ ಟಿವಿಯ ಮುಂದೆ ಇಟ್ಟುಕೊಂಡರೆ ಆ ತಾಸು ಬಿಡುಗಡೆಯಾಗುತ್ತದೆ.

ಕೂಡು ಕುಟುಂಬದ ಸೊಸೆಯರಿಗೆ ನಾನು ಸಂಜೆಯ ಒಂದು ತಾಸನ್ನು ಕೇಳಿಯೇ ಪಡೆಯಿರಿ ಎನ್ನುತ್ತೇನೆ. ಕದ್ದು ಬರೆಯುವ ಹೊತ್ತು ಯಾವಾಗಲೂ ಕದ್ದದ್ದಾಗಿಯೇ ಉಳಿಯುತ್ತದೆ. ಕೇಳುವಾಗ ಬರವಣಿಗೆಯ ಮಹತ್ವ ಹೇಳಲು ಹೋಗಬೇಡಿ. ಹೊತ್ತು ಹೇಳಿ, ಬದಲಿ ಹೇಳಿ. “ಅತ್ತೀ, ಮಂಗಳವಾರ, ಗುರುವಾರ ಸಂಜಿ ಆರರಿಂದ ಏಳರತನಾ ನಾ ಮ್ಯಾಲಿನ ಖೋಲ್ಯಾಗ ಇರ್ತೀನ್ರಿ. ಹಾಲು ಬಂದ್ರ ನೀವು ತಗೊಳ್ರಿ. ಏಳಕ್ಕ ಬಂದು ಅಡಿಗಿ ಪೂರಾ ನಾನ ನೋಡ್ಕೋತೀನಿ.” ಏಳಕ್ಕೆ ಎಂದರೆ ಏಳಕ್ಕೇ ಇಳಿದು ಬರಬೇಕು. ಮೊದಲ ತಿಂಗಳು ಈ ಮಾತು ಉಳಿದರೆ ಮುಂದೆ “ಆಕಿ ಬರಿಯಾಕತ್ತಾಳ, ಏಳಕ್ಕ ಬರ್ರಿ” ಎಂದು ಬಂದವರಿಗೆ ಅತ್ತೆಯೇ ಹೇಳುತ್ತಾರೆ. ಹೇಳದ ಅತ್ತೆಯರೂ ಇದ್ದಾರೆ. ಅಂಥ ಮನೆಯಲ್ಲಿ ಗಂಡನ ಜೊತೆ ಮೊದಲು ಮಾತಾಡಿ, ಹಾಲು ತೆಗೆದುಕೊಳ್ಳಲು ಅವರಿಗೂ ಕೈಗಳಿವೆ.

ಬರೆಯುವ ಗಂಡಸರು ಆರಿಸುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಈಗಿನ ಬರೆಯುವ ಹೊತ್ತಿನಲ್ಲಿ ಮನೆಯಲ್ಲಿ ಯಾರು ಏನು ಮಾಡುತ್ತಾರೆ ಎಂದು ಒಂದು ವಾರ ಸುಮ್ನೆ ನೋಡಿ. ಸಂಜೆ ಏಳರಿಂದ ಒಂಬತ್ತು ನಿಮ್ಮದಾಗಿದ್ದರೆ ಅದನ್ನು ನಸುಕಿಗೆ ಒಯ್ಯಿರಿ. ಇಲ್ಲವೇ ನಿಮ್ಮ ಮನೆಯವರಿಗೂ ಅಂಥದೇ ಎರಡು ತಾಸು ಕೊಡಿ, ಅವರು ಬರೆಯುತ್ತಾರೋ ಮಲಗುತ್ತಾರೋ ಅದು ಅವರಿಗೆ ಬಿಟ್ಟದ್ದು.

ಎದೆಹಾಲಿನ ಕೂಸು ಇರುವವರಿಗೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿರುವವರಿಗೆ ಚೂರು ಹೊತ್ತೊಂದೇ ದಾರಿ. ಜೋಡಿಸುವ ಆ ವಾರದ ಒಂದು ತಾಸಿಗೆ ತಂಗಿಯನ್ನೋ ವೈನಿಯನ್ನೋ ಬಂದು ಕೂರಲು ಕೇಳಿ. ಅದೂ ಆಗದಿದ್ದರೆ ವಹಿಯಲ್ಲಿ ತಾರೀಖು ಹಾಕಿ ಸಾಲು ಬರೆದಿಡುತ್ತ ಹೋಗಿ, ಜೋಡಿಸುವುದು ಮುಂದಿನ ವರ್ಷವೂ ಆದೀತು.

ಹತ್ತನೆಯ ತರಗತಿಯ ಹುಡುಗರಿದ್ದ ಮನೆಯವರು ಜನವರಿಯಿಂದ ಪರೀಕ್ಷೆ ಮುಗಿಯುವ ತನಕ ಹೊಸದೇನೂ ಶುರು ಮಾಡಬೇಡಿ. ಅವರು ಓದಲು ಕೂತ ಟೇಬಲ್ಲಿನ ಇನ್ನೊಂದು ಬದಿಗೆ ನಿಮ್ಮ ಹಳೆಯ ಕರಡು ಹಿಡಿದು ಕೂತುಕೊಳ್ಳಿ. ಒಂಬತ್ತರ ತನಕ ಅವರೂ ಏಳಬಾರದು, ನೀವೂ ಏಳಬಾರದು ಎಂದು ಮಾತಾಗಲಿ.